ಏಳನೆಯ ತುಂಡು

ಫೊಯ್ನ್ಸ್ ಬಂದರು, ಐರ್ಲೆಂಡ್
14 ಅಕ್ಟೋಬರ್ 1982

ಜಟ್ಟ,

ಅಕ್ಷರ ನೋಡಿದ ಕೂಡಲೇ ಯಾರದ್ದೆಂದು ನಿನಗೆ ಗೊತ್ತಾಗಿರುತ್ತದೆ. ಮುಲ್ಕಿ ಪರೀಕ್ಷೆಯಲ್ಲಿ ಈ ಅಕ್ಷರವನ್ನೇ ಬಗ್ಗಿ ಬಗ್ಗಿ ನೋಡಿ ಪಾಸಾದವನು ನೀನು. ಒಲೆಗೆ ಹಾಕುವುದಾದರೆ ಹಾಕು, ಆದರೆ ಓದಿ ಹಾಕು.

ನಾನು ಬದುಕಿದ್ದೇನೆ. ಭಟ್ಕಳದ ಯಂತ್ರದೋಣಿಯಲ್ಲಿ ಎರಡು ವರ್ಷ, ಮುಂಬಯಿ ಬಂದರಿನ ಗೋದಿಯಲ್ಲಿ ಹಮಾಲಿಯಾಗಿ ಒಂದು ವರ್ಷ, ಆಮೇಲೆ ಈ ನಾಲ್ಕು ವರ್ಷದಿಂದ ಸರಕಿನ ಹಡಗಿನಲ್ಲಿ ಖಲಾಸಿ. ಹಡಗಿನ ಯಂತ್ರ ಕೆಟ್ಟು ಐರ್ಲೆಂಡ್ ಎಂಬ ದೇಶದ ಪಡುವಣ ಬಂದರಿನಲ್ಲಿ ಮೂರು ವಾರದಿಂದ ಬಿದ್ದುಕೊಂಡಿದ್ದೇವೆ. ಇಲ್ಲಿ ಯಾವಾಗಲೂ ಮಳೆ. ನಮ್ಮ ಮಳೆ ಬಂದು ಹೊಡೆದು ಹೋಗುತ್ತದೆ, ಇಲ್ಲಿಯದು ಕೆಲಸವಿಲ್ಲದ ನೆಂಟನ ಹಾಗೆ ಬಂದು ಕೂತೇ ಇರುತ್ತದೆ.

ಕಳೆದ ಶನಿವಾರ ಬೇಸತ್ತು ಬಸ್ಸು ಹತ್ತಿ ಪಕ್ಕದ ಕೆರ್ರಿ ಜಿಲ್ಲೆಗೆ ಹೋದೆ. ಕಡಲ ಹತ್ತಿರ ಒಂದು ಸಣ್ಣ ಪೇಟೆ, ನಮ್ಮ ಹೊನ್ನಾವರದ ಕಾಲು ಭಾಗವೂ ಇಲ್ಲ. ಮಳೆಗೆ ನಿಲ್ಲಲೆಂದು ಹಳೇ ಶಾಲೆಯೊಂದರ ಜಗಲಿ ಹತ್ತಿದೆ. ಅದು ಈಗ ಶಾಲೆಯಲ್ಲ, ಮ್ಯೂಸಿಯಂ. ಮ್ಯೂಸಿಯಂ ಎಂದರೆ ರಾಜರ ಕತ್ತಿ ಕಿರೀಟ ಎಂದು ನಾನು ತಿಳಿದಿದ್ದೆ. ಒಳಗೆ ಹೋಗಿ ನೋಡಿದರೆ ಬೆಣ್ಣೆ ಕಡೆಯುವ ಮರದ ಪೀಪಾಯಿ, ಸವೆದ ಗುದ್ದಲಿ, ಮೀನಿನ ಬುಟ್ಟಿ, ಯಾವಳೋ ಮುದುಕಿಯ ತೇಪೆ ಹಾಕಿದ ಬೂಟು. ನಮ್ಮಲ್ಲಿ ಅಟ್ಟಕ್ಕೆ ಎಸೆದು ಇಲಿಗೆ ಬಿಡುವ ಸಾಮಾನೆಲ್ಲ ಇಲ್ಲಿ ಗಾಜಿನೊಳಗೆ ಕೂತಿತ್ತು. ನನಗೆ ನಗು ಬಂತು. ಆದರೆ ಒಂದೊಂದರ ಕೆಳಗೂ ಚೀಟಿ ಇತ್ತು. ಇದು ಇಂಥವಳ ಬುಟ್ಟಿ, ಇಂಥ ಊರಿನವಳು, ಕೊಟ್ಟವರು ಇಂಥವರು. ಹೆಸರು ಓದುತ್ತ ಓದುತ್ತ ನಗು ನಿಂತಿತು.

ಒಳಗಿನ ಕೋಣೆಯ ಗೋಡೆಯ ಮೇಲೆ ಒಂದು ಬಲೆ ಹರಡಿದ್ದರು. ದಡದಲ್ಲಿ ನಿಂತು ಊರೇ ಸೇರಿ ಎಳೆಯುವ ಬಲೆ, ಜಟ್ಟ. ನಮ್ಮ ರಂಪಣಿಯ ಸಣ್ಣ ತಮ್ಮ. ಆರು ಮನೆಯವರು ಒಂದೊಂದು ತುಂಡು ಹೆಣೆದು ತಂದು ಜೋಡಿಸುತ್ತಿದ್ದರಂತೆ, ಆರು ಮನೆಯ ಹೆಂಗಸರ ಹೆಸರೂ ಕೆಳಗೆ ಇದ್ದವು. ನಾನು ಅದರ ಮುಂದೆ ಎಷ್ಟು ಹೊತ್ತು ನಿಂತೆನೋ, ಮ್ಯೂಸಿಯಂ ನೋಡಿಕೊಳ್ಳುವ ಮುದುಕಿ ಒಂದು ಕುರ್ಚಿ ತಂದು ಹಾಕಿದರು. ಮಿಸ್ ಶೀಹಿ ಎಂದು ಹೆಸರು. ಅದೇ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದವರಂತೆ. ನಾನು ಮನಸ್ಸಿನಲ್ಲೇ ಅಕ್ಕೋರು ಎಂದು ಕರೆಯುತ್ತೇನೆ.

ನನ್ನ ಅರೆಬರೆ ಇಂಗ್ಲಿಷಿನಲ್ಲಿ ನಮ್ಮ ಕರ್ಕಿಯ ರಂಪಣಿಯ ಕತೆ ಹೇಳಿದೆ. ಮೂವತ್ತೆಂಟು ಮನೆ, ಮೂವತ್ತೆಂಟು ತುಂಡು. ಬಡಗಣ ತುದಿಯಿಂದ ಏಳನೆಯದು ನಮ್ಮದು, ತೆಂಕಣ ತುದಿಯಿಂದ ಏಳನೆಯದು ನಿಮ್ಮದು. ನನ್ನ ಅವ್ವಿಯೂ ನಿನ್ನ ಅವ್ವಿ ಮಂಜವ್ವಿಯೂ ನಿಮ್ಮ ಜಗಲಿಯಲ್ಲಿ ಎದುರೆದುರು ಕೂತು ಒಂದೇ ಉಂಡೆಯ ದಾರದಲ್ಲಿ ಹೆಣೆಯುತ್ತಿದ್ದದ್ದು, ಒಂದೇ ಹಂಡೆಯಲ್ಲಿ ಮತ್ತಿ ಮರದ ತೊಗಟೆಯ ಬಣ್ಣ ಕಾಸಿ ಅದ್ದುತ್ತಿದ್ದದ್ದು, ಎಲ್ಲ ಹೇಳಿದೆ. ಅವ್ವಿ ಎಡಗೈಯಲ್ಲಿ ಮೀನು ಕೊಯ್ಯುವ ಚಂದವನ್ನೂ ಹೇಳಲು ಹೊರಟೆ, ಅಷ್ಟು ಇಂಗ್ಲಿಷ್ ಬರಲಿಲ್ಲ.

ನಾನು ಅಂದು ಕೊಯ್ದು ತಂದ ತುಂಡಿನಲ್ಲಿ ಒಂದು ಮಾರಿನಷ್ಟು ಇನ್ನೂ ನನ್ನ ತಲೆದಿಂಬಿನ ಕೆಳಗಿದೆ. ಉಳಿದದ್ದು ಭಟ್ಕಳದ ದೋಣಿಮನೆಯಲ್ಲಿ ಇಲಿ ಪಾಲಾಯಿತು. ಅವ್ವಿಯದೆಂದು ನನ್ನ ಹತ್ತಿರ ಇರುವುದು ಅದೊಂದೇ. ಅಕ್ಕೋರು ಅದನ್ನು ನೋಡಬೇಕೆಂದಿದ್ದಾರೆ. ಅಕ್ಟೋಬರ್ ಮುಗಿದರೆ ಮ್ಯೂಸಿಯಮಿಗೆ ಬೀಗ, ಮತ್ತೆ ತೆರೆಯುವುದು ಈಸ್ಟರ್ ಹಬ್ಬಕ್ಕೆ. ಬರುವ ಶನಿವಾರ ಒಯ್ಯುತ್ತೇನೆ.

ನಡೆದದ್ದರಲ್ಲಿ ನನ್ನದೂ ತಪ್ಪಿತ್ತು, ನಿನ್ನದೂ ಇತ್ತು. ಮಂಜವ್ವಿ ಹೇಗಿದ್ದಾಳೆ? ಈ ಕಾಗದ ಅವಳಿಗೆ ಓದಿ ಹೇಳು.

ನಿನ್ನ
ಮಾಬ್ಲ

•

ಫೊಯ್ನ್ಸ್ ಬಂದರು
2 ನವೆಂಬರ್ 1982

ಜಟ್ಟ,

ಮೊದಲಿನ ಕಾಗದಕ್ಕೆ ನಿನ್ನ ಉತ್ತರ ಬರುವಷ್ಟು ದಿನ ಆಗಿಲ್ಲ ಎಂದು ಗೊತ್ತು. ಆದರೂ ಇದನ್ನು ಹೇಳದೆ ಇರಲಾರೆ.

ಅವ್ವಿಯ ಬಲೆ ಗಾಜಿನೊಳಗೆ ಕೂತಿತು. ಒಯ್ದುಕೊಟ್ಟ ದಿನ ಅಕ್ಕೋರು ಅದನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ, ಒಂದೊಂದೇ ಗಂಟು ಮುಟ್ಟಿ ನೋಡಿದರು. ತನ್ನ ಅಜ್ಜಿಯೂ ತಪ್ಪದೆ ಹೀಗೇ ಗಂಟು ಹಾಕುತ್ತಿದ್ದಳು, ಎರಡನ್ನೂ ಪಕ್ಕದಲ್ಲಿಟ್ಟರೆ ಯಾರದು ಯಾವುದು ಎಂದು ಹೇಳಲಾಗುವುದಿಲ್ಲ ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ಅತ್ತುಬಿಟ್ಟೆ. ಅಕ್ಕೋರು ಚಹಾ ಮಾಡಿಕೊಟ್ಟರು. ಹಾಲು ಜಾಸ್ತಿ, ಸಕ್ಕರೆ ಇಲ್ಲ, ಆದರೂ ಕುಡಿದೆ.

ಕೆಳಗಿನ ಚೀಟಿಯನ್ನು ನನ್ನೆದುರೇ ಬರೆದರು. ಕನ್ನಡದಲ್ಲಿ ಹೇಳಿದರೆ ಹೀಗೆ:

ರಂಪಣಿ ಬಲೆಯ ತುಂಡು. ಕರ್ಕಿ, ಭಾರತ.
ಹೆಣೆದವಳು ಸುಬ್ಬಿ.
ಕೊಟ್ಟವನು ಅವಳ ಮಗ.

ಹೊನ್ನಾವರ ಪೇಟೆಯಲ್ಲಿ ಮೀನು ಮಾರುವಾಗ ಅವಳನ್ನು ಯಾರಾದರೂ ಹೆಸರು ಹಿಡಿದು ಕರೆದದ್ದು ನಿನಗೆ ನೆನಪಿದೆಯೇ? ಎಲ್ಲರಿಗೂ ಅವಳು 'ಏ ಮೀನು'. ಈಗ ಗಾಜಿನ ಕೆಳಗೆ ಅವಳ ಹೆಸರಿದೆ. ನಾನು ಮಗನಾಗಿ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಇದು.

ನಾಳೆ ಹಡಗು ಹೊರಡುತ್ತದೆ. ನನಗೆ ಬರೆಯುವುದಾದರೆ ಕಂಪನಿಯ ಮುಂಬಯಿ ಆಫೀಸಿಗೆ ಬರೆ, ಅವರು ಹಡಗಿಗೆ ಕಳಿಸುತ್ತಾರೆ. ವಿಳಾಸ ಹಿಂದೆ ಇದೆ.

ನಿನ್ನ
ಮಾಬ್ಲ

•

ಕರ್ಕಿ, ಹೊನ್ನಾವರ ತಾಲೂಕು
19 ಫೆಬ್ರವರಿ 1983

ಮಾಬ್ಲನಿಗೆ,

ಎರಡೂ ಕಾಗದ ಬಂದಿದೆ. ಒಲೆಗೆ ಹಾಕಿಲ್ಲ. ಪರದೇಶದ ಸ್ಟ್ಯಾಂಪು ಚಂದ ಇತ್ತು, ಮಗಳು ಕಿತ್ತು ಇಟ್ಟುಕೊಂಡಿದ್ದಾಳೆ.

ನೀನು ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ. ರಂಪಣಿ ಈಗ ಇಲ್ಲ. ಯಂತ್ರದೋಣಿಯವರು ಹೊರಗೇ ಬಳಿದುಕೊಂಡು ಹೋದ ಮೇಲೆ ದಡಕ್ಕೆ ಬರುವುದು ನೊರೆ ಮಾತ್ರ. ಎಪ್ಪತ್ತೊಂಬತ್ತರಲ್ಲಿ ಬಲೆ ಬಿಚ್ಚಿ ಮನೆಮನೆಗೆ ಹಂಚಿದೆವು. ಈಗ ಕೆಲವರ ಮನೆಯಲ್ಲಿ ಅದು ಕೋಳಿಗೂಡಿಗೆ, ಕೆಲವರಲ್ಲಿ ತೊಂಡೆಚಪ್ಪರಕ್ಕೆ. ಗಾಜಿಗೆ ಹಾಕಿದವರು ಯಾರೂ ಇಲ್ಲ. ಬಲೆಯ ಯಜಮಾನ ಶನಿಯಾರಣ್ಣ ಮರುವರ್ಷವೇ ತೀರಿಕೊಂಡ. ನಾನು ಹೊನ್ನಾವರದ ಹೆಂಚಿನ ಡಿಪೋದಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತೇನೆ.

ಅವ್ವಿಗೆ ಎರಡೂ ಕಣ್ಣು ಹೋಗಿದೆ. ಕುಮಟೆಯ ಡಾಕ್ಟರು ಇನ್ನು ಆಗುವುದಿಲ್ಲ ಎಂದರು. ತಿಂದುಂಡುಕೊಂಡು ಇದ್ದಾಳೆ.

ನಿನ್ನ ಕಾಗದ ಅವಳಿಗೆ ಓದಿ ಹೇಳಿಲ್ಲ. ಹೇಳುವುದೂ ಇಲ್ಲ.

ಜಟ್ಟ

•

ಡರ್ಬನ್
11 ಏಪ್ರಿಲ್ 1983

ಜಟ್ಟ,

ನಿನ್ನ ಕಾಗದ ಎರಡು ಬಂದರು ಸುತ್ತಿ ನಿನ್ನೆ ಕೈಗೆ ಸಿಕ್ಕಿತು. ಕೊನೆಯ ಸಾಲು ಓದಿ ಊಟ ಸೇರಲಿಲ್ಲ. 'ನನ್ನದೂ ತಪ್ಪಿತ್ತು, ನಿನ್ನದೂ ಇತ್ತು' ಎಂದು ನಾನು ತಕ್ಕಡಿ ಹಿಡಿದು ಬರೆದದ್ದಕ್ಕೆ ಸಿಕ್ಕ ಉತ್ತರ ಅದು ಎಂದು ಗೊತ್ತಾಗಿದೆ. ಹಾಗಾದರೆ ತಕ್ಕಡಿ ಬಿಡುತ್ತೇನೆ, ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಎಪ್ಪತ್ತೈದರ ಆಷಾಢದಲ್ಲಿ ಅವ್ವಿ ಹೋದಳು. ದಸರೆಯವರೆಗೆ ನಾನು ನಿಮ್ಮ ಮನೆಯಲ್ಲೇ ಉಂಡೆ. ಮಂಜವ್ವಿ ಒಂದು ದಿನವೂ ನಿನಗೊಂದು ತುಂಡು ಮೀನು, ನನಗೊಂದು ತುಂಡು ಎಂದು ಎಣಿಸಲಿಲ್ಲ. ಹಾಗೆ ಉಂಡವನು ದಸರೆ ಕಳೆದ ಮೇಲೆ ಯಾರಿಗೂ ಹೇಳದೆ ಭಟ್ಕಳಕ್ಕೆ ಹೋಗಿ ಸಾಹೇಬರೊಬ್ಬರ ಯಂತ್ರದೋಣಿ ಹತ್ತಿದೆ. ಆ ದೋಣಿಯವರಿಗೆ ಕರ್ಕಿಯ ಕಡಲು ಗೊತ್ತಿರಲಿಲ್ಲ. ಬಂಗಡೆ ಯಾವ ಗಾಳಿಗೆ ಬರುತ್ತದೆ, ಯಾವ ಕಲ್ಲಿನ ಹೊರಗೆ ತಿರುಗುತ್ತದೆ, ನೀರಿನ ಬಣ್ಣ ಹೇಗಾಗುತ್ತದೆ, ಎಲ್ಲ ಹೇಳಿಕೊಟ್ಟವನು ನಾನು. ಊರಲ್ಲಿ ಎಲ್ಲರಿಗೂ ಅನುಮಾನ ಇತ್ತು. ಈಗ ನನ್ನ ಕೈಯಿಂದಲೇ ಬರೆದು ಕೊಡುತ್ತಿದ್ದೇನೆ.

ಆ ಡಿಸೆಂಬರಿನ ಬೆಳಿಗ್ಗೆ ನೀವೆಲ್ಲ ದಡದಲ್ಲಿ ಬಲೆ ದೋಣಿಗೆ ಹೇರಿ ಬಂಗಡೆಯ ಹಿಂಡಿಗೆ ಕಾಯುತ್ತಿದ್ದಿರಿ. ನಾವು ಹೊರಗಿನಿಂದ ಬಂದು, ನಿಮ್ಮ ಕಣ್ಣೆದುರೇ, ಇಡೀ ಹಿಂಡಿಗೆ ಬಲೆ ಸುತ್ತಿದೆವು. ನೀನು ದಡದಿಂದ ನನ್ನನ್ನು ನೋಡಿದೆ. ನಾನೂ ನಿನ್ನನ್ನು ನೋಡಿದೆ. ನೋಡದವನ ಹಾಗೆ ಹಗ್ಗ ಎಳೆದೆ.

ಎರಡು ದಿನ ಬಿಟ್ಟು ನಾನು ಊರಿಗೆ ಬಂದದ್ದು ಕ್ಷಮೆ ಕೇಳಲೆಂದೇ. ನಂಬುವುದಾದರೆ ನಂಬು. ಬಲೆ ಮರಳ ಮೇಲೆ ಒಣಗುತ್ತಿತ್ತು, ಗಂಡಸರೆಲ್ಲ ಊಟಕ್ಕೆ ಹೋಗಿದ್ದರು, ನೀನೊಬ್ಬನೇ ಕಾವಲಿಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ನೀನು, "ನಿನ್ನ ಪಾಲು ಎಂತ ಉಂಟೋ ಕೊಯ್ಕಂಡ್ ಹೋಗು, ಮತ್ತೆ ಈ ದಡಕ್ಕೆ ಕಾಲಿಡಬೇಡ" ಅಂದೆ. ಅಂದು ಬೆನ್ನು ತಿರುಗಿಸಿ ಮನೆಗೆ ನಡೆದೆ. ಪಾಲು ಬಿಡಿಸುವುದಾದರೆ ಮೂವತ್ತೆಂಟು ಮನೆಯವರೂ ನಿಂತಿರಬೇಕು, ಶನಿಯಾರಣ್ಣನೇ ಕತ್ತಿ ಹಿಡಿಯಬೇಕು. ಅದು ನಮ್ಮ ಕಟ್ಟು. ನಾನು ಯಾರಿಗೂ ಕಾಯಲಿಲ್ಲ. ಬಡಗಣ ತುದಿಯಿಂದ ಎಣಿಸಿ, ಏಳನೆಯ ತುಂಡಿನ ಎರಡೂ ಸೇರುವೆ ಕೊಯ್ದು, ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ಮಂಜವ್ವಿಯೇ ನಮಗಿಬ್ಬರಿಗೂ ಹೇಳುತ್ತಿದ್ದಳು. ಬರಲಿಲ್ಲ, ಜಟ್ಟ.

ನಾನು ಹೋಗುವಾಗ ಮಂಜವ್ವಿ ಬಾಗಿಲಲ್ಲಿ ನಿಂತಿದ್ದಳು. ಬಲೆ ನನ್ನ ಹೆಗಲ ಮೇಲಿತ್ತು. "ಉಂಡ್ಕಂಡ್ ಹೋಗಾ" ಅಂದಳು. ನಾನು ಕೇಳಿಸದವನ ಹಾಗೆ ನಡೆದೆ.

ನನ್ನನ್ನು ನೀನು ಕ್ಷಮಿಸುವುದು ಬೇಡ. ಅವಳಿಗೆ ಓದಿ ಹೇಳು, ಅಷ್ಟು ಸಾಕು. ಅವ್ವಿಯ ಬಲೆ ಗಾಜಿನೊಳಗೆ ಇರುವುದು ಅವಳಿಗೆ ಗೊತ್ತಾಗಲಿ. ಅವ್ವಿಯ ಹೆಸರಿಗೆ ಸಂತೋಷಪಡಲು ಈ ಲೋಕದಲ್ಲಿ ಉಳಿದಿರುವವಳು ಅವಳೊಬ್ಬಳೇ.

ನಿನ್ನ
ಮಾಬ್ಲ

•

ಕರ್ಕಿ
25 ಸೆಪ್ಟೆಂಬರ್ 1983

ಮಾಬ್ಲ,

ಶ್ರಾವಣದ ಎರಡನೇ ಸೋಮವಾರ ಅವ್ವಿ ಹೋದಳು. ನಾಲ್ಕು ದಿನ ಜ್ವರ, ಐದನೇ ದಿನ ಇಲ್ಲ. ಹೆಚ್ಚು ನರಳಲಿಲ್ಲ.

ನಿನ್ನ ಡರ್ಬನಿನ ಕಾಗದ ಮೇ ತಿಂಗಳಲ್ಲೇ ಬಂದಿತ್ತು. ಮೂರು ತಿಂಗಳು ನನ್ನ ಅಂಗಿಯ ಕಿಸೆಯಲ್ಲಿ ಇತ್ತು. ಇವತ್ತು ಓದಿ ಹೇಳೋಣ, ನಾಳೆ ಓದಿ ಹೇಳೋಣ ಎಂದು ದಿನ ತಳ್ಳಿದೆ. ಈಗ ಓದಿ ಹೇಳಲು ಯಾರೂ ಇಲ್ಲ. ನೀನು ಒಪ್ಪಿಕೊಂಡು ಬರೆದ ಮೇಲೆ ನನ್ನದೂ ಒಂದು ಒಪ್ಪಿಕೊಳ್ಳುವುದಿದೆ. ಕೂತು ಓದು.

ಆ ವರ್ಷ ನೀನು ದಸರೆಗೇ ಹೋದೆ. ದೀಪಾವಳಿ ಕಳೆದ ಮೇಲೆ ಪ್ರತಿ ವರ್ಷದ ಹಾಗೆ ಬಲೆಯ ತಲೆ ತಿರುಗಿಸಿದೆವು. ಬಡಗಣ ತುದಿ ಯಾವಾಗಲೂ ಕಲ್ಲಿಗೆ ಉಜ್ಜಿ ಸವೆಯುತ್ತದೆ ಎಂದು ನಡು ಹಂಗಾಮಿಗೆ ಅದನ್ನು ತೆಂಕಕ್ಕೆ ಹಾಕಿ, ತೆಂಕಣದ್ದನ್ನು ಬಡಗಕ್ಕೆ ತರುತ್ತಿದ್ದೆವಲ್ಲ. ಹುಟ್ಟಿದಾಗಿನಿಂದ ನೋಡಿದವನು ನೀನು. ನೀನು ಇಲ್ಲದಾಗ ಅದು ಆಗಿತ್ತು, ಸಿಟ್ಟಿನಲ್ಲಿ ನಿನಗೆ ನೆನಪಾಗಲಿಲ್ಲ. ಬಡಗದಿಂದ ಏಳನೆಯದು ಎಂದು ನೀನು ಕೊಯ್ದುಕೊಂಡು ಹೋದದ್ದು ನಮ್ಮ ತುಂಡು. ನನ್ನ ಅವ್ವಿ ಹೆಣೆದದ್ದು.

ನಂಬದಿದ್ದರೆ ಗಂಟು ನೆನಪು ಮಾಡಿಕೋ. ನಿನ್ನ ಅವ್ವಿ ಎಡಚಿ. ಅವಳ ಗಂಟೆಲ್ಲ ಎಡಕ್ಕೆ ಬೀಳುತ್ತಿತ್ತು. ಮೂವತ್ತೆಂಟು ಮನೆಯಲ್ಲಿ ಅಂಥ ಗಂಟು ಮತ್ತೊಂದಿರಲಿಲ್ಲ. ನಿನ್ನ ಐರ್ಲೆಂಡಿನ ಅಕ್ಕೋರು ತನ್ನ ಅಜ್ಜಿಯ ಗಂಟೂ ಇದೂ ಒಂದೇ ಎಂದರು ಎಂದು ನೀನೇ ಬರೆದಿದ್ದೀಯ. ಅಕ್ಕೋರ ಅಜ್ಜಿ ಎಡಚಿಯಾಗಿರಲಿಕ್ಕಿಲ್ಲ.

ನಮಗೆ ಗೊತ್ತಾದದ್ದು ಅದೇ ದಿನ ಸಂಜೆ. ಕೊಯ್ದ ಜಾಗ ಜೋಡಿಸಲು ಅವ್ವಿಯನ್ನು ಕರೆದೆವು. ಅವಳು ಬಲೆಯ ಉದ್ದಕ್ಕೂ ನಡೆದು, ತೆಂಕಣ ಕಡೆಗೆ ಹೋಗಿ, ಒಂದು ಗಂಟು ಹಿಡಿದು ನಿಂತಳು. ನಾನು ಹಿಂದೆ ಹೋದೆ. ನೋಡಿದ ಕೂಡಲೇ ನನಗೂ ತಿಳಿಯಿತು. ಭಟ್ಕಳಕ್ಕೆ ಈಗಲೇ ಹೋಗಿ ನಿನ್ನ ಕುತ್ತಿಗೆ ಹಿಡಿದು ತರುತ್ತೇನೆ ಎಂದು ಹೊರಟೆ. ಅವಳು ಕೈ ಹಿಡಿದು ನಿಲ್ಲಿಸಿದಳು.

"ಅಂವ ಅವ್ವಿದು ಅಂದ್ಕಂಡೇ ತಕಂಡ್ಹೋಗಿದ್ದ. ಇರ್ಲಿ. ಹೇಳೂಕೆ ಹೋಗ್ಬೇಡ."

ಅಷ್ಟೇ ಅಂದದ್ದು. ಮತ್ತೆ ಎಂಟು ವರ್ಷ ಆ ಮಾತು ತೆಗೆಯಲಿಲ್ಲ, ನನಗೂ ತೆಗೆಯಲು ಬಿಡಲಿಲ್ಲ. ಬಲೆ ಹಂಚಿದಾಗ ನಿನ್ನ ಅವ್ವಿಯ ತುಂಡನ್ನು ತಾನೇ ಕೇಳಿ ತಂದು ಹಾಸಿಗೆಯ ತಲೆದೆಸೆಗೆ ಇಟ್ಟುಕೊಂಡಳು. ಕಣ್ಣು ಹೋದ ಮೇಲೆ ಅದರ ಗಂಟು ಸವರುತ್ತ ಕೂರುತ್ತಿದ್ದಳು. ಒಮ್ಮೊಮ್ಮೆ ನಗುವಳು. ಎಂತಕ್ಕೆ ನಗು ಎಂದರೆ, ಸುಬ್ಬಿ ಹತ್ತಿರ ಮಾತಾಡ್ತೆ ಅನ್ನುವಳು.

ಮಣ್ಣು ಮಾಡುವಾಗ ಅದನ್ನು ಅವಳ ತಲೆಯ ಕೆಳಗೆ ಇಟ್ಟೆವು. ನಿನ್ನನ್ನು ಕೇಳದೆ ಇಟ್ಟೆ. ಅದು ನಿನ್ನದಾಗಿತ್ತು, ಈಗ ಇಲ್ಲ. ಅವಳದ್ದೆಂದು ಲೋಕದಲ್ಲಿ ಉಳಿದದ್ದು ನಿನ್ನ ಗಾಜಿನ ಪೆಟ್ಟಿಗೆಯ ಆ ಒಂದು ಮಾರು ಮಾತ್ರ, ಅದರ ಕೆಳಗೆ ಬೇರೆ ಹೆಸರು.

ಈಗ ನನ್ನ ತಪ್ಪು. ಓದಿ ಹೇಳಿದ್ದರೆ ಅವಳಿಗೆ ಸಂತೋಷವಾಗುತ್ತಿತ್ತು. ತನ್ನ ಬಲೆ ಸುಬ್ಬಿಯ ಹೆಸರಿನಲ್ಲಿ ಪರದೇಶದಲ್ಲಿ ಕೂತಿದೆ ಎಂದು ಕೇಳಿದರೆ ಅವಳು ಇಡೀ ಕೇರಿಗೆ ಹೇಳಿ ನಗುತ್ತಿದ್ದಳು. ಅದಕ್ಕೇ ಓದಲಿಲ್ಲ ನಾನು. ಅವಳು ಸಂತೋಷಪಟ್ಟು, ಹೆಸರು ಹಾಗೇ ಇರಲಿ ಎಂದುಬಿಡುತ್ತಾಳೆ ಎಂಬ ಹೊಟ್ಟೆಕಿಚ್ಚಿಗೆ ಓದಲಿಲ್ಲ.

ಹೇಳಬೇಡ ಎಂದ ಅವಳ ಮಾತು ಮುರಿದು ಬರೆಯುತ್ತಿದ್ದೇನೆ. ಅವಳಷ್ಟು ದೊಡ್ಡ ಮನಸ್ಸು ನನಗೆ ದೇವರು ಕೊಡಲಿಲ್ಲ. ಆ ಚೀಟಿಯಲ್ಲಿ ನನ್ನ ಅವ್ವಿಯ ಹೆಸರು ಇರಬೇಕು ಎಂದು ನನಗೆ ಆಸೆ. ಅದಕ್ಕೆ ನಿನ್ನ ಅವ್ವಿಯ ಹೆಸರು ತೆಗೆಯಬೇಕು. ಒತ್ತಾಯ ಇಲ್ಲ. ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡು.

ಜಟ್ಟ

•

ಆಂಟ್ವರ್ಪ್
3 ಡಿಸೆಂಬರ್ 1983

ಜಟ್ಟ,

ಕಾಗದ ಸಿಕ್ಕಿ ಹದಿನೈದು ದಿನವಾಯಿತು. ನಾಲ್ಕು ಸಲ ಉತ್ತರ ಬರೆದು ಹರಿದೆ.

ಮಂಜವ್ವಿಯ ಬಗ್ಗೆ ಎಂತ ಬರೆಯಲಿ? ಅವಳು ಬಾಗಿಲಲ್ಲಿ ನಿಂತು ಉಂಡು ಹೋಗು ಅಂದಾಗ ನನ್ನ ಹೆಗಲ ಮೇಲೆ ಇದ್ದದ್ದು ಅವಳದ್ದೇ ಕೈಕೆಲಸ. ಅವಳಿಗೆ ಆಗ ಗೊತ್ತಿರಲಿಲ್ಲ, ಸಂಜೆ ಗೊತ್ತಾಯಿತು. ಗೊತ್ತಾದ ಮೇಲೂ ಅವಳು ಬದಲಾಗಲಿಲ್ಲ. ನನ್ನಂಥವನಿಗೆ ಅಷ್ಟು ಕೊಟ್ಟವಳ ಮಣ್ಣಿಗೆ ಒಂದು ಹಿಡಿ ಹಾಕಲೂ ನಾನು ಬರಲಿಲ್ಲ.

ಏಳು ವರ್ಷ ಆ ತುಂಡು ನನ್ನ ತಲೆದಿಂಬಿನ ಕೆಳಗೆ ಇತ್ತು. ಮೈ ಹುಷಾರಿಲ್ಲದಾಗ ಅದನ್ನು ಮುಖಕ್ಕೆ ಒತ್ತಿ ಹಿಡಿದು ಅವ್ವೀ ಎಂದು ಅತ್ತಿದ್ದೇನೆ. ಗಂಟು ಯಾವ ಕಡೆಗೆ ಬಿದ್ದಿದೆ ಎಂದು ಒಂದು ದಿನವೂ ನೋಡಲಿಲ್ಲ. ಕಣ್ಣಿಲ್ಲದ ಮಂಜವ್ವಿಗೆ ಕೈಯಲ್ಲಿ ತಿಳಿಯುತ್ತಿದ್ದದ್ದು ಎರಡು ಕಣ್ಣಿರುವ ನನಗೆ ತಿಳಿಯಲಿಲ್ಲ. ಎಡಗೈಯವಳ ಮಗ ಎಂದು ಹೇಳಿಕೊಳ್ಳಲೂ ನಾಚಿಕೆ.

ನನ್ನ ಅವ್ವಿಯ ತುಂಡು ಎಲ್ಲಿರಬೇಕೋ ಅಲ್ಲಿದೆ. ಕೇಳದೆ ಇಟ್ಟೆ ಎಂದು ಬರೆದಿದ್ದೀಯ, ಕೇಳಿದ್ದರೂ ನಾನು ಅಲ್ಲೇ ಇಡು ಎನ್ನುತ್ತಿದ್ದೆ. ಅವರಿಬ್ಬರೂ ಎದುರೆದುರು ಕೂತವರು.

ಚೀಟಿಯ ವಿಷಯ. ನಿನ್ನ ಕಾಗದ ಓದಿದ ಮೊದಲ ದಿನ ನಾನು ಯೋಚಿಸಿದ್ದು ಒಳ್ಳೆಯದಲ್ಲ. ಯಾರಿಗೆ ತಿಳಿಯುತ್ತದೆ, ಅಷ್ಟು ದೂರದ ಊರಿನಲ್ಲಿ ಹೆಸರು ಯಾವುದಾದರೇನು, ಇದ್ದರೆ ಇರಲಿ ಎನಿಸಿತು. ಮೂರು ದಿನ ಹಾಗೇ ಇದ್ದೆ. ಇದನ್ನೂ ಹೇಳಬೇಕು, ಇಲ್ಲದಿದ್ದರೆ ಮತ್ತೆ ಮೊದಲಿನ ಹಾಗೆ ತಕ್ಕಡಿ ಹಿಡಿದಂತೆ ಆಗುತ್ತದೆ. ನಾಲ್ಕನೆಯ ದಿನ ಅಕ್ಕೋರಿಗೆ ಬರೆದೆ. ಬಲೆಯ ತಲೆ ತಿರುಗಿಸುವುದು, ಎಣಿಕೆ ತಪ್ಪಿದ್ದು, ಎಡಗಂಟು ಬಲಗಂಟು, ಎಲ್ಲ ಬರೆದೆ. ಹಡಗಿನ ಗೋವೆಯ ಅಡಿಗೆಯವನು ಇಂಗ್ಲಿಷ್ ತಿದ್ದಿಕೊಟ್ಟ, ತಿದ್ದುತ್ತ ಅವನೂ ಮೂಗು ಒರೆಸಿಕೊಂಡ. ಸುಬ್ಬಿ ಎಂಬ ಹೆಸರು ತೆಗೆದು ಮಂಜಿ ಎಂದು ಬರೆಯಿರಿ ಎಂದು ಕೇಳಿದ್ದೇನೆ. ಆ ಸಾಲು ಬರೆಯುವಾಗ ಅವ್ವಿ ಇನ್ನೊಮ್ಮೆ ಹೋದ ಹಾಗಾಯಿತು.

ಮ್ಯೂಸಿಯಂ ಈಗ ಮುಚ್ಚಿದೆ. ಈಸ್ಟರಿಗೆ ತೆರೆದ ಮೇಲೆ ಉತ್ತರ ಬರಬೇಕು. ಬಂದ ಕೂಡಲೇ ನಿನಗೆ ತಿಳಿಸುತ್ತೇನೆ.

ಮಾಬ್ಲ

•

ಮುಂಬಯಿ
27 ಮೇ 1984

ಜಟ್ಟ,

ಕರಾರು ಮುಗಿದು ಮುಂಬಯಿಗೆ ಇಳಿದೆ. ಕಂಪನಿಯ ಆಫೀಸಿನಲ್ಲಿ ಅಕ್ಕೋರ ಕಾಗದ ನನಗಾಗಿ ಕಾಯುತ್ತಿತ್ತು. ಒಳಗೆ ಎರಡು ಸಾಮಾನು. ಒಂದು, ಗಾಜಿನೊಳಗಿನಿಂದ ತೆಗೆದ ಹಳೆಯ ಚೀಟಿ. ನಿಮ್ಮ ತಾಯಿಯ ಹೆಸರನ್ನು ಕಸಕ್ಕೆ ಹಾಕಲು ಮನಸ್ಸಾಗಲಿಲ್ಲ, ನೀವೇ ಇಟ್ಟುಕೊಳ್ಳಿ ಎಂದು ಬರೆದಿದ್ದಾರೆ. ಇನ್ನೊಂದು, ಹೊಸ ಚೀಟಿ ಹಾಕಿದ ಮೇಲೆ ಪೆಟ್ಟಿಗೆಯ ಫೋಟೋ. ಬಲೆಯ ತುಂಡು ಚೆನ್ನಾಗಿ ಕಾಣುತ್ತದೆ, ಗಂಟು ಬಲಕ್ಕೆ ಬಿದ್ದಿರುವುದೂ ಕಾಣುತ್ತದೆ. ಫೋಟೋ ನಿನಗೆ, ಇದರ ಜೊತೆ ಇಟ್ಟಿದ್ದೇನೆ. ಮಗಳಿಗೆ ಹೇಳು, ಇದನ್ನು ಸ್ಟ್ಯಾಂಪಿನ ಹಾಗೆ ಕಿತ್ತುಕೊಳ್ಳುವುದು ಬೇಡ.

ಮಂಜವ್ವಿಯ ಹೆಸರು ಗಾಜಿನ ಕೆಳಗೆ ಬಂದಿದೆ. ನೋಡಿದಾಗ ಮನಸ್ಸು ಹಗುರಾಯಿತು, ಸುಳ್ಳು ಹೇಳುವುದಿಲ್ಲ.

ಆದರೆ ಒಂದು ತಪ್ಪು ಉಳಿದಿದೆ. ನಾನು ಕೇಳಿದ್ದು ಹೆಸರು ಬದಲಿಸಿ ಎಂದು ಮಾತ್ರ. ಅಕ್ಕೋರು ಅಷ್ಟನ್ನೇ ಮಾಡಿದ್ದಾರೆ. ಕೊನೆಯ ಸಾಲಿನ ವಿಷಯ ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಈಗ ಚೀಟಿ ಹೀಗಿದೆ:

ರಂಪಣಿ ಬಲೆಯ ತುಂಡು. ಕರ್ಕಿ, ಭಾರತ.
ಹೆಣೆದವಳು ಮಂಜಿ.
ಕೊಟ್ಟವನು ಅವಳ ಮಗ.

ಮಂಜವ್ವಿಯ ಮಗ ನೀನು. ಕೊಟ್ಟವನು ನಾನು, ಅದೂ ನನ್ನದಲ್ಲದ್ದನ್ನು ಕೊಯ್ದು ತಂದು ಕೊಟ್ಟವನು. ಆ ಸಾಲು ಸುಳ್ಳು. ಅಕ್ಕೋರಿಗೆ ಬರೆದು ತಿದ್ದಿಸಬೇಕೆಂದು ಎರಡು ಸಲ ಕೂತೆ. ಎರಡು ಸಲವೂ ಪೆನ್ನು ಮುಚ್ಚಿಟ್ಟು ಎದ್ದೆ. ಇಲ್ಲಿಯವರೆಗೆ ನಿನ್ನದನ್ನು ಕೇಳದೆಯೇ ತೆಗೆದುಕೊಂಡೆ, ಈ ಒಂದನ್ನಾದರೂ ಕೇಳಿ ನಿರ್ಧರಿಸುತ್ತೇನೆ. ನೀನು ತೆಗೆಸು ಎಂದರೆ ನಾಳೆಯೇ ಬರೆಯುತ್ತೇನೆ.

ಊರಿಗೆ ಬರಬೇಕು ಎಂದಿದೆ. ಮಂಜವ್ವಿಯ ಮಣ್ಣಿನ ಹತ್ತಿರ ಒಂದು ಗಳಿಗೆ ಕೂರಬೇಕು. ಮತ್ತೆ ಈ ದಡಕ್ಕೆ ಕಾಲಿಡಬೇಡ ಎಂದು ನೀನು ಹೇಳಿದ ಮಾತು ನೀನೇ ತೆಗೆಯದೆ ನಾನು ಬರಲಾರೆ.

ಮಾಬ್ಲ

•

ಕರ್ಕಿ
16 ಜೂನ್ 1984

ಮಾಬ್ಲ,

ಫೋಟೋ ಬಂತು. ಕಟ್ಟು ಹಾಕಿಸಿ ಅವ್ವಿ ಕೂರುತ್ತಿದ್ದ ಜಾಗದ ಮೇಲೆ ತೂಗುಹಾಕಿದ್ದೇನೆ. ಹಳೆಯ ಚೀಟಿ ನಿನ್ನ ಹತ್ತಿರ ಇದೆಯಲ್ಲ, ಬರುವಾಗ ತೆಗೆದುಕೊಂಡು ಬಾ, ಅದನ್ನೂ ಪಕ್ಕದಲ್ಲೇ ಹಾಕೋಣ. ಮೊಳೆ ಈಗಲೇ ಹೊಡೆದಿಟ್ಟಿದ್ದೇನೆ.

ಮಳೆ ಹಿಡಿದಿದೆ. ಹೊನ್ನಾವರದಿಂದ ಕರ್ಕಿಗೆ ಬರುವ ಬಸ್ಸು ಈಗ ಕೇರಿಯ ಬಾಯಿಯಲ್ಲೇ ನಿಲ್ಲುತ್ತದೆ, ಮೊದಲಿನ ಹಾಗೆ ನಡೆಯಬೇಕಾಗಿಲ್ಲ. ಬರುವ ದಿನ ಮೊದಲೇ ತಿಳಿಸು. ಅವತ್ತು ಉಂಡು ಬರಬೇಡ.

ಆ ಕೊನೆಯ ಸಾಲು ಇರಲಿ.

ಜಟ್ಟ